ಲಾಭ, ಎರಡು, ಮೂರು

ಬಂಗುಡೆ ಎಣಿಸುವಾಗ ಅಮ್ಮ ಒಂದು ಎನ್ನುತ್ತಿರಲಿಲ್ಲ.
ಲಾಭ ಎನ್ನುತ್ತಿದ್ದಳು. ಆಮೇಲೆ ಎರಡು, ಮೂರು.
ಇಪ್ಪತ್ತೈದಾದ ಮೇಲೆ ಕೊಸರು ಒಂದು, ಕೇಳದಿದ್ದರೂ;
ಜಗಳಕ್ಕೆ ನಿಂತವರಿಗೆ ಎರಡು.
ತೊಕ್ಕೊಟ್ಟಿನ ಮಾರ್ಕೆಟ್ಟಿನಲ್ಲಿ ಲೋಲಾಕ್ಷಿಯ ಬುಟ್ಟಿಯೆದುರು
ಜಗಳಗಂಟಿಯರೇ ಹೆಚ್ಚು.

ನಾನು ಕೂತಿರುವುದು ತೂಕದ ಕೋಣೆಯಲ್ಲಿ,
ಉಳ್ಳಾಲದ ಅಳಿವೆಗೆ ಬೆನ್ನು ಹಾಕಿ.
ಇಲ್ಲಿ ಮೀನಿಗೆ ಹೆಸರಿಲ್ಲ, ಟನ್ನು.
ಪುತ್ತುಬಾವನ ಲಾರಿ ವೇಬ್ರಿಜ್ ಹತ್ತುತ್ತದೆ,
ಹಿಂದಿನಿಂದ ರಕ್ತದ ನೀರು ಸೋರಿಸುತ್ತ.
ಕೆಂಪು ಅಂಕಿ ನಡುಗಿ ನಡುಗಿ ನಿಲ್ಲುತ್ತದೆ.
ಸೋರಿದ್ದಕ್ಕೆ ನೂರಕ್ಕೆ ಎರಡು ಕಳೆ. ಸಹಿ. ಮುಂದಿನ ಗಾಡಿ.

ಒಳಗೆ ಬೇಯುತ್ತದೆ, ಹಿಂಡಿಸಿಕೊಳ್ಳುತ್ತದೆ, ಹುಡಿಯಾಗುತ್ತದೆ.
ಯಾವುದೋ ದೇಶದ ಕೆರೆಯಲ್ಲಿ ಸಾಕಿದ ಸಿಗಡಿಗೆ ಊಟವಂತೆ.
ಎಣ್ಣೆಯ ಲೆಕ್ಕ ಬೇರೆ.
ವಾಸನೆಯ ಲೆಕ್ಕ ಬರೆಯಲು ಕಾಲಮ್ಮಿಲ್ಲ;
ಅದು ನನ್ನ ಅಂಗಿಯಲ್ಲಿ ಮನೆಗೆ ಬರುತ್ತದೆ.

ಧಣಿ ಕೆಟ್ಟವರಲ್ಲ. ಅಲೆ ನಾಲ್ಕು ಮನೆ ತಿಂದ ವರ್ಷ
ಕಲ್ಲು ಹಾಕಿಸಿದರು, ಕಲ್ಲಿನ ಮೇಲೆ ಕಂಪೆನಿಯ ಹೆಸರು.
ಕಲ್ಲೂ ಮುಳುಗಿತು. ಇಳಿತದ ಹೊತ್ತಿಗೆ
ಹೆಸರಿನ ಮೊದಲಕ್ಷರ ಕಾಣುತ್ತದೆ.

ಕಡಲಲ್ಲಿ ಮೀನಿಲ್ಲ ಯಾಕೆ ಎಂದರೆ
ಅವರು ಬೋಟಿನವನತ್ತ ಕೈ ತೋರಿಸುತ್ತಾರೆ,
ಬೋಟಿನವ ಡೀಸೆಲಿನತ್ತ, ಡೀಸೆಲು ಸಾಲದತ್ತ,
ಸಾಲ ಕೊಟ್ಟ ಬ್ಯಾಂಕಿನ ಹುಡುಗ ನಗುತ್ತ
ತೂಕದ ಚೀಟಿ ತನ್ನಿ ಎನ್ನುತ್ತಾನೆ.
ಚೀಟಿಯಲ್ಲಿರುವ ಸಹಿ ನನ್ನದು.

ಅಮ್ಮನ ಬುಟ್ಟಿಯಲ್ಲಿ ಈಗ ಒಮಾನಿನ ಬೂತಾಯಿ,
ಐಸಿನಲ್ಲಿ ಬಂದದ್ದು, ಕಣ್ಣು ಬಿಳಿ.
ಅಲ್ಲಿಯ ಕಡಲು ಹೇಗಿದೆಯಂತೆ, ಎಂದು ಕೇಳುತ್ತಾಳೆ,
ದೂರಕ್ಕೆ ಮದುವೆ ಮಾಡಿಕೊಟ್ಟ ಮಗಳನ್ನು ವಿಚಾರಿಸುವಂತೆ.

ಮೊನ್ನೆ ನಾನು ಬುತ್ತಿ ಮರೆತಿದ್ದೆ. ತಂದವಳು
ಬ್ರಿಜ್ಜಿನ ಮೇಲೆ ನಿಂತ ಲಾರಿಯ ಹಿಂದೆ ಹೋಗಿ ಕೈಹಾಕಿದಳು.
ಕಿರುಬೆರಳಿನ ಬೂತಾಯಿ, ಕಣ್ಣೇ ಹೆಚ್ಚು, ಮೈ ಕಡಿಮೆ,
ಒಂದು ಹಿಡಿದರೆ ಹತ್ತು ಅಂಟಿ ಬರುವಂಥವು.
ಬಾಯಿಯ ಅಭ್ಯಾಸ, ಲಾಭ ಎಂದಳು.
ಕೊಡವಿ, ಮತ್ತೆ ಹುಡುಕಿದಳು. ಮತ್ತೆ, ಲಾಭ.
ಎಣಿಕೆಗೆ ಸಿಗುವಷ್ಟು ದೊಡ್ಡದು ಒಂದೂ ಇರಲಿಲ್ಲ.
ಇದರಲ್ಲಿ ಎರಡು ಯಾವುದು ಮಗಾ?

ಹಿಂದೆ ಏಳು ಗಾಡಿ, ಒಂದೇ ಸಮನೆ ಹಾರನ್ನು.
ನಾನು ಗುಂಡಿ ಒತ್ತಿದೆ.
ಅವಳಿನ್ನೂ ಇಳಿದಿರಲಿಲ್ಲ.

ಆ ಚೀಟಿಯಲ್ಲಿ ನಲವತ್ತು ಕಿಲೋ ಹೆಚ್ಚಿದೆ.
ಇವತ್ತಿನವರೆಗೆ ಯಾರೂ ಕೇಳಿಲ್ಲ.