ಹಾಳೆಯ ಮೇಲಿನ ಲೆಕ್ಕ

ಎಂಟು ಗಂಟೆಗೆ ಮಾಬಲನ ಟೆಂಪೋ ದೇವಿಮನೆ ಘಟ್ಟ ಇಳಿದು ಬರುತ್ತದೆ
ಮೈತುಂಬ ಅಡಕೆ ಹಾಳೆ, ಮೇಲೊಂದು ಹರಕು ಬಲೆ.
ಬಲೆ ಜಟ್ಟು ಅಂಬಿಗನದು. ಮೀನು ನಿಲ್ಲದ ಬಲೆಯಲ್ಲಿ
ಹಾಳೆ ನಿಲ್ಲುತ್ತದೆ.

ಕುಮಟೆಯ ಈ ಹೆಂಚಿನ ಕಾರ್ಖಾನೆ ಮುಚ್ಚಿ ಹದಿನೇಳು ವರ್ಷ.
ಅದೇ ಮಾಡಿನ ಕೆಳಗೆ ಈಗ ನಾವು ಆರು ಹೆಂಗಸರು,
ಮೂರು ಯಂತ್ರ, ಒಂದು ತೊಟ್ಟಿ,
ಗೋಡೆಯ ಮೇಲೆ ಹಸಿರು ಪೇಂಟಿನಲ್ಲಿ: ಕಸದಿಂದ ರಸ.

ನಾನು ನಡುವಿನ ಯಂತ್ರದವಳು.
ತೊಳೆದ ಹಾಳೆ ಅಚ್ಚಿನ ಮೇಲೆ ಹಾಸಿ ಪೆಡಲು ತುಳಿದರೆ
ಉಸ್ಸೆಂದು ಹಬೆ. ನಲವತ್ತು ಎಣಿಸುತ್ತೇನೆ.
ಎತ್ತಿದರೆ ತಟ್ಟೆ, ಇನ್ನೂ ಬಿಸಿ, ಹುರಿದ ಭತ್ತದ ವಾಸನೆ,
ಅಂಗೈ ಗೆರೆಯಂಥ ನರಗಳು.
ಒಂದರ ಹಾಗೆ ಇನ್ನೊಂದಿಲ್ಲ.
ಸುತ್ತ ಕತ್ತರಿಸಿದ ಅಂಚು ಬುಟ್ಟಿಗೆ.

ಮಾಘದಲ್ಲಿ ಬಂದಳು ಪರಿಮಳಾ ರಾಯ್ಕರ,
ಖರೀದಿಯವಳು. ತಟ್ಟೆ ಮುಟ್ಟಲಿಲ್ಲ, ಕೇಳಿದಳು:
ನೀರೆಷ್ಟು? ಕರೆಂಟೆಷ್ಟು? ಎಷ್ಟು ದೂರದಿಂದ ಬರುತ್ತದೆ?
ಅಂಚು ಎಲ್ಲಿ ಹೋಗುತ್ತದೆ?
ಹಿತ್ತಲಲ್ಲಿ ಅಂಚು ಹೊಗೆಯಾಡುತ್ತಿತ್ತು.
ನಾವು ಒಬ್ಬರ ಮುಖ ಒಬ್ಬರು ನೋಡಿದೆವು.

ಅವತ್ತು ರಾತ್ರಿ ಸೀಳಿದ ಹಾಳೆಯೊಂದನ್ನು ಮನೆಗೆ ತಂದೆ.
ಹಾಳೆ ಅಂದಮೇಲೆ ಬರೆಯಲಿಕ್ಕೂ ಬರಬೇಕಲ್ಲ.
ಇದ್ದಿಲಿನಿಂದ ಬರೆದೆ:
ದಿನಕ್ಕೆ ಮೂರು ಸಲ ತೊಟ್ಟಿ ನೀರು, ಚಹಾದ ಬಣ್ಣವಾಗಿ
ಚರಂಡಿಗೆ, ಅಲ್ಲಿಂದ ಗಜನಿಗೆ.
ನಾವು ಉಣ್ಣುವ ಹೊತ್ತು ಯಂತ್ರ ಸುಮ್ಮನೆ ಕಾಯುತ್ತಿರುತ್ತದೆ,
ಅನ್ನವಿಲ್ಲದ ಒಲೆಯ ಹಾಗೆ.
ಇಪ್ಪತ್ತೈದು ತಟ್ಟೆಗೆ ಒಂದು ಪ್ಲಾಸ್ಟಿಕ್ ಅಂಗಿ.
ಅದನ್ನು ಬರೆಯುವಾಗ ನಗು ಬಂತು,
ಆಮೇಲೆ ಬರಲಿಲ್ಲ.

ಮಾಬಲ ಮೇಲಿನಿಂದ ಇನ್ನೊಂದು ಸುದ್ದಿ ತಂದ.
ಹಾಳೆ ಹೆಕ್ಕುವ ಗಣಪಿ ಹೇಳಿದ್ದಳಂತೆ:
"ಇದ್ದಬದ್ದದ್ದೆಲ್ಲ ನೀವೇ ಒಯ್ದರೆ ಹೆಂಗೆ ಮಾರಾಯಾ?
ಮರದ ಬುಡ ಬೋಳಾಯ್ತು. ಎರೆಹುಳ ಕಾಣೂದೇ ಇಲ್ಲ."
ಗೋಡೆಯ ಅಕ್ಷರ ನೋಡಿದೆ.
ಕಸ ಅಂದವರು ಯಾರು?
ತಟ್ಟೆಯಾಗುವ ಮೊದಲೇ ಅದು ಊಟವಾಗಿತ್ತು,
ಗೆದ್ದಲಿಗೆ, ಹುಳಕ್ಕೆ, ಮಣ್ಣಿಗೆ.
ಪಂಕ್ತಿಯ ನಡುವೆ ನಾವು ಎಲೆ ಎಳೆದುಕೊಂಡಿದ್ದೆವು.

ಈಗ ಖಾಲಿ ಟೆಂಪೋ ಖಾಲಿ ಹತ್ತುವುದಿಲ್ಲ.
ಅಂಚೆಲ್ಲ ಮೂಟೆ ಕಟ್ಟಿ ಗಣಪಿಗೆ ವಾಪಸು.
ನಾಲ್ಕು ಹಾಳೆಗೆ ಒಂದನ್ನು ಅಲ್ಲೇ ಬಿಡುವ ಮಾತಾಗಿದೆ.
ಹೆಂಚಿನ ಕಾಲದ ಜೇಡಿ ಹೊಂಡ ಮೂರರಲ್ಲಿ
ನೀರು ಕೂತು ತಿಳಿಯಾಗಿ ಮತ್ತೆ ತೊಟ್ಟಿಗೆ ಬರುತ್ತದೆ,
ಕೊನೆಯದು ಬಾಳೆಗೆ.
ಮೂರನೆಯ ಯಂತ್ರ ತಣ್ಣಗೆ ಕೂತಿದೆ, ಮೇಲೆ ನಮ್ಮ ಬುತ್ತಿಗಳು.

ಎಲ್ಲ ಆಯಿತೆಂದಲ್ಲ.
ಪ್ಲಾಸ್ಟಿಕ್ ಬಿಟ್ಟು ಬಾಳೆನಾರಲ್ಲಿ ಕಟ್ಟಿದ ಮೊದಲ ಸಲ
ಜೂನಿನ ಗಾಳಿಗೆ ಬೂಸ್ಟು ಹಿಡಿದು
ಎಂಟುನೂರು ತಟ್ಟೆ ತಿರುಗಿ ಬಂದವು.
ಪರಿಮಳಾ ಫೋನಿನಲ್ಲಿ ಸುಮಾರು ಹೊತ್ತು ಮಾತಾಡಲಿಲ್ಲ.
ಆ ವಾರ ಸಂಬಳ ಅರ್ಧ. ದೊಡ್ಡವಳು ಕಮಲಿ
ನನಗೂ ನನ್ನ ಲೆಕ್ಕಕ್ಕೂ ಸೇರಿಸಿ ಬೈದಳು.
ಈಗ ಒಣಗಿಸುವುದು ಹಂಚಿನ ಮೇಲಿನ ತಗಡಿನ ಗೂಡಲ್ಲಿ,
ಬಿಸಿಲು ಬಂದ ದಿನ. ಬಾರದ ದಿನ, ಇಲ್ಲ.

ಮೊನ್ನೆ ಮಿರ್ಜಾನಿನಲ್ಲಿ ಮದುವೆ. ಉಂಡು ಕೈ ತೊಳೆದು
ಹಿಂದಿನ ಬಾಗಿಲಿಂದ ಬರುವಾಗ ಕಂಡೆ:
ಕಪ್ಪು ಚೀಲಗಳು, ಬಿಗಿದ ಗಂಟು,
ಒಳಗೆ ನನ್ನ ತಟ್ಟೆಗಳು, ಉಸಿರು ಕಟ್ಟಿ.
ಹಸುವೊಂದು ಮೂಸಿ ಮೂಸಿ ಹೊರಟುಹೋಯಿತು.
ರೇಷ್ಮೆ ಸೀರೆ ಮೊಣಕಾಲಿಗೆ ಎತ್ತಿ ಕೂತೆ.
ಉಗುರು ಮುರಿಯಿತು. ಬಿಚ್ಚಿದ್ದು ಹನ್ನೊಂದು.
ಅಡುಗೆಯವನು "ಎಂತ ಕಳಕೊಂಡ್ರಿ?" ಕೇಳಿದ.

ಆ ಸೀಳು ಹಾಳೆ ತುಂಬಿತು.
ಅಂಚಿನ ಮೂಟೆಯೊಳಗೆ ತುರುಕಿ ಘಟ್ಟ ಹತ್ತಿಸಿದೆ,
ಎರೆಹುಳ ಓದಿಕೊಳ್ಳಲಿ.
ಹೊಸದರ ಮೊದಲ ಸಾಲು ಇಷ್ಟೇ:
ಗಂಟು.