ಬುಧವಾರದ ಅರ್ಧ ಗಂಟೆ

ಮೆಗ್ಗಾನಿನ ಡಾಕ್ಟರಮ್ಮ ಚೀಟಿ ತೋರಿಸಿದರು:
ಮೈನಸ್ ಎರಡು ಪಾಯಿಂಟ್ ಎಂಟು.
ಲೆಕ್ಕದಲ್ಲಿ ನಾನು ಮೊದಲಿಂದಲೂ ಹಾಗೇ, ಅಂದೆ.
ನಗಲಿಲ್ಲ.

ವಾರಕ್ಕೊಂದು ಮಾತ್ರೆ. ಖಾಲಿ ಹೊಟ್ಟೆ, ತುಂಬಿದ ಲೋಟ ನೀರು.
ಆಮೇಲೆ ಅರ್ಧ ಗಂಟೆ ಕಾಫಿ ಇಲ್ಲ,
ಮಲಗುವಂತಿಲ್ಲ, ಬಗ್ಗುವಂತಿಲ್ಲ.

ಬಗ್ಗುವಂತಿಲ್ಲ!
ಅಂಗಳ ಗುಡಿಸಲು ಬಗ್ಗಿದ್ದು, ಸಾಗರದ ಹಾಸ್ಟೆಲ್ಲಿನಲ್ಲಿ
ಇಪ್ಪತ್ತಾರು ವರ್ಷ ಹಂಡೆ ತಿಕ್ಕಲು ಬಗ್ಗಿದ್ದು,
ವಾರ್ಡನ್ನಿಗೆ ಬಗ್ಗಿದ್ದು ಬೇರೆ.
ಯಾರೂ ಹೀಗೆ ಚೀಟಿ ಬರೆದುಕೊಟ್ಟಿರಲಿಲ್ಲ.

ನಾದಿನಿ ಕುಸುಮಾಳ ಮಣಿಕಟ್ಟು ಮುರಿದದ್ದು
ಕುಕ್ಕರಿನ ಮುಚ್ಚಳ ತಿರುಗಿಸುವಾಗ.
ಹಪ್ಪಳ ಮುರಿದ ಸದ್ದು, ಅಷ್ಟೇ.

ಬುಧವಾರ, ಆರೂವರೆ.
ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ನಿಲ್ಲುತ್ತೇನೆ.
ಮಗಳು ನನ್ನ ಸಮ ಬೆಳೆದ ವರ್ಷ
ಇಬ್ಬರಿಗೂ ಸೇರಿಸಿ ಪೆನ್ಸಿಲಿನಲ್ಲಿ ಎಳೆದ ಗೀಟು
ಈಗ ನನ್ನ ನೆತ್ತಿಗಿಂತ ಎರಡು ಬೆರಳು ಮೇಲೆ.
ಮಾತ್ರೆ ನನ್ನನ್ನು ಅಲ್ಲಿಗೆ ಏರಿಸುವುದಿಲ್ಲ, ಗೊತ್ತು.
ಇನ್ನೂ ಇಳಿಯಲು ಬಿಡದಿದ್ದರೆ ಸಾಕು.

ಒಳಗಿಂದ ಇವರು: ಕಾಫಿ?
ಪುಡಿ ಡಬ್ಬಿ ಕೆಳಗಿನ ಶೆಲ್ಫಿನಲ್ಲಿದೆ,
ಸ್ವಲ್ಪ ಬಗ್ಗಿ ನೋಡಿ, ಅಂದೆ,
ತಿರುಗದೆ.
ಇನ್ನೂ ಹನ್ನೊಂದು ನಿಮಿಷ ಇದೆ.