ಮೊದಲಿದ್ದ ಹಾಗೆ

ಕಚೇರಿಯ ನಮೂನೆಯಲ್ಲಿ ಏಳನೇ ಕಲಮು:
'ಗುಂಡಿಯನ್ನು ಮೊದಲಿದ್ದ ಹಾಗೆ ಮಾಡತಕ್ಕದ್ದು.'
ಕೆಳಗೆ ಖಾಲಿ ಎರಡು ಗೆರೆ,
ಮೊದಲು ಹೇಗಿತ್ತೆಂದು ಬರೆಯಲು.

ಪೆನ್ನು ಹಿಡಿದು ಕೂತೆ. ಕಿಟಕಿಯಾಚೆ ಏಪ್ರಿಲ್,
ಮ್ಯಾನಿಟೋಬಾದ ಏಪ್ರಿಲ್, ಅಂದರೆ ಕೊಳೆತ ಹಿಮ, ಕೆಸರು,
ಆಮೇಲೆ ಮತ್ತೆ ಹಿಮ.

ಬೆಟ್ಟ ಅಗೆದು ಇಲಿ ಹಿಡಿದರು ಅನ್ನುವುದುಂಟು.
ನನ್ನಜ್ಜ ಥೋರ್ಗ್ರಿಮ್
ದಿಬ್ಬ ಅಗೆದು ರಸ್ತೆ ಹಿಡಿದ.
ಗರಸು, ಲೋಡಿಗೆ ಹನ್ನೊಂದು ಸೆಂಟು.
ಅವನ ಲೆಕ್ಕದ ಪುಸ್ತಕ ನನ್ನಲ್ಲಿದೆ:
ನಾಲ್ಕು ಗೆರೆ, ಮೇಲೊಂದು ಅಡ್ಡಗೆರೆ,
ಪುಟದಿಂದ ಪುಟಕ್ಕೆ ಬೇಲಿ ಎಳೆದ ಹಾಗೆ.
ನಡುವೆ ಒಂದೇ ಕಡೆ ಮಾತು, ಐಸ್‌ಲ್ಯಾಂಡಿನ ನುಡಿಯಲ್ಲಿ:
'ಇವತ್ತು ಮಳೆ. ಕುದುರೆಗೆ ಮೈ ಬಿಸಿ.'

ದಿಬ್ಬ ಎಲ್ಲೂ ಕಳೆದುಹೋಗಿಲ್ಲ.
ಹದಿನಾಲ್ಕು ಮೈಲಿ ಉದ್ದಕ್ಕೆ ಮಲಗಿದೆ.
ಅದರ ಬೆನ್ನ ಮೇಲೇ ಹಾಲು ತರಲು ಹೋಗುತ್ತೇನೆ.
ಮುಂದಿನ ಲಾರಿಯ ಟೈರಿಂದ ಚೂರೊಂದು ಸಿಡಿದು
ಗಾಜಿಗೆ ಬಡಿದರೆ
'ಗೊತ್ತಾಯ್ತು ಅಜ್ಜಾ' ಅನ್ನುತ್ತೇನೆ.

ಒನೂಫ್ರಿ ತನ್ನ ಹಳದಿ ಯಂತ್ರ ತಂದ.
ಮೊದಲು ಮೇಲೆ ಬಂದದ್ದು ನಮ್ಮದೇ ಹೊಲಸು:
ಬಾಗಿಲಿಲ್ಲದ ಫ್ರಿಜ್ಜು, ಮುಳ್ಳುತಂತಿಯ ಸಿಕ್ಕು,
ಕಾರೊಂದರ ಅರ್ಧ, ಕರುವಿನ ಬುರುಡೆ,
ಬಿಯರು ಬಾಟಲಿಗಳು
(ಕೆಲವು ನನ್ನವೇ, ಹದಿನೇಳರ ವಯಸ್ಸಿನವು).
ಏನು ಹಾಕಿದರೂ ಯಾರು ಹಾಕಿದರೆಂದು ಕೇಳದ ಬಾಯಿ
ಊರಿಗೆ ಇದೊಂದೇ ಇತ್ತು.

ಅಂಚಿನಲ್ಲಿ, ವಿಲೋ ಬೇರುಗಳ ಕೆಳಗೆ,
ಕಪ್ಪುಮಣ್ಣಿನ ಉದ್ದ ಗುಪ್ಪೆ.
ಅಗೆಯುವ ಮುನ್ನ ಅಜ್ಜ ಕೆರೆದು ಪಕ್ಕಕ್ಕಿಟ್ಟದ್ದು.
ತಡವಾಗಿ ಬರುವವರಿಗೆ
ಊಟ ಮುಚ್ಚಿಟ್ಟ ಹಾಗೆ, ಅರವತ್ತೆರಡು ವರ್ಷ.
ಯಾರಿಗೆಂದು ಹೇಳಿರಲಿಲ್ಲ.

ಹರಡಿದೆವು, ಗೇಣು ದಪ್ಪ. ಕ್ಲೋವರ್ ಬಿತ್ತಿದೆವು.
ಜೂನಿನ ಒಂದು ರಾತ್ರಿಯ ಮಳೆ
ಮಣ್ಣು, ಬೀಜ, ಬಿತ್ತಿದ ಖರ್ಚು ಎಲ್ಲವನ್ನೂ ಬಳಿದು
ತಳದಲ್ಲಿ ಗುಡ್ಡೆ ಹಾಕಿತು.
ಒನೂಫ್ರಿ ಟೋಪಿ ತೆಗೆದ, ಮತ್ತೆ ಹಾಕಿಕೊಂಡ.
'ಇಳಿಜಾರು ಕಡಿದಾಯ್ತು' ಅಂದ.
ಆ ವರ್ಷ ಅವನು ಆಡಿದ ಅತಿ ಉದ್ದದ ಮಾತು ಅದು.

ಮರುವರ್ಷ ದಡವನ್ನು ತಗ್ಗಿಸಿ, ತಟ್ಟಿ,
ಮುಗ್ಗಿದ ಹುಲ್ಲಿನ ಸುರುಳಿ ಬಿಚ್ಚಿ ಹಾಸಿ
ಇನ್ನೇನು ಕೊನೆಯ ಬೋಳು ಚೂರು, ಅಷ್ಟರಲ್ಲಿ
ಟಿಟ್ಟಿಭದ ದಾಯಾದಿ ಹಕ್ಕಿಯೊಂದು
ರೆಕ್ಕೆ ಮುರಿದಂತೆ ನಟಿಸುತ್ತ ಯಂತ್ರದ ಮುಂದೆ ಕುಂಟಿತು.
ನಾಲ್ಕು ಮೊಟ್ಟೆ. ಕಲ್ಲಿನ ನಡುವೆ ಕಲ್ಲಿನಂಥವು.
ಅದಕ್ಕೆ ಬೇಕಿದ್ದದ್ದು ಮಣ್ಣಲ್ಲ, ಹುಲ್ಲಲ್ಲ,
ಈ ಬೋಳೇ.
ಯಂತ್ರ ಇಪ್ಪತ್ತಾರು ದಿನ ನಿಂತಿತು. ಬಾಡಿಗೆ ನಿಲ್ಲಲಿಲ್ಲ.

ಕೂತು ಕಾಯುವಾಗ ಗೋಡೆಯ ಪದರ ಓದಿದೆ.
ಅಜ್ಜನಿಗೆ ಮೊದಲು ಇಲ್ಲಿ ಓಕ್, ಸಾಸ್ಕಟೂನ್ ಹಣ್ಣಿನ ಪೊದೆ.
ಅದಕ್ಕೂ ಮೊದಲು ಅನಿಶಿನಾಬೆ ಜನರ ನಡೆದಾರಿ,
ಸುತ್ತ ಜೌಗು, ಇದೊಂದೇ ಒಣ ಏಣು. ಆಗಲೂ ರಸ್ತೆಯೇ.
ಅದಕ್ಕೂ ಮೊದಲು ಕೆರೆ. ಹಿಮ ಕರಗಿ ನಿಂತದ್ದು,
ಕಣ್ಣಿಗೆ ಆಚೆ ದಡ ಸಿಗದಂಥದ್ದು.
ಗರಸೆಲ್ಲ ಅದರ ಅಲೆ ಉರುಳಿಸಿ ಬಿಟ್ಟುಹೋದ ದಂಡೆ.
ಅದಕ್ಕೂ ಮೊದಲು ಬರೀ ಹಿಮ, ಮೈಲಿ ದಪ್ಪ,
ಯಾವ ನಮೂನೆಯೂ ಇಲ್ಲದೆ.

ತಳದಲ್ಲಿ ಈಗ ಮೊಣಕಾಲುದ್ದ ನೀರು.
ನಾವು ಬಿಟ್ಟದ್ದಲ್ಲ, ತಾನೇ ಬಂದದ್ದು,
ಸಾಮಾನು ಮರೆತು ಹೋದವರು ಹಿಂತಿರುಗಿದ ಹಾಗೆ.

ಏಳನೇ ಕಲಮಿಗೆ ಒಂದೇ ಪದ ಬರೆದೆ: ಕೆರೆ.
ನಮೂನೆ ವಾಪಸು ಬಂತು, ಕೆಂಪು ಶಾಯಿಯಲ್ಲಿ:
'ವಿವರ ಸಾಲದು.'
ಲಕೋಟೆಯೊಳಗೆ ನುಣುಪು ಬೆಣಚುಕಲ್ಲೊಂದನ್ನು ಇಟ್ಟು
ಮತ್ತೆ ಕಳಿಸಿದ್ದೇನೆ.
ತೂಕಕ್ಕೆ ಅಂಚೆಯವರು ನಾಲ್ಕು ಡಾಲರು ಕೇಳಿದರು.
ಲೋಡಿಗೆ ಹನ್ನೊಂದು ಸೆಂಟಿನ ಲೆಕ್ಕದಲ್ಲಿ
ಅಜ್ಜನಿಗಿಂತ ನನಗೇ ನಷ್ಟ.